ಹಳೆ ದೋಣಿಗೆ ಮೊದಲು ನೀರು ತುಂಬಿಸಿ, ಆಮೇಲೆ ದುಡ್ಡು ಬಿಚ್ಚಿ

ಎನ್.ಆರ್. ಪುರದ ಆಸುಪಾಸು, ಭದ್ರಾ ಹಿನ್ನೀರಿನ ಆಚೆ ದಡದಲ್ಲಿ ತೋಟ ಇರುವವರಿಗೆ ದೋಣಿ ಶೋಕಿಯ ವಸ್ತುವಲ್ಲ. ಲಕ್ಕವಳ್ಳಿ ಅಣೆಕಟ್ಟೆಯ ನೀರು 186 ಅಡಿಯತ್ತ ಏರಿದಂತೆ ಕಾಲುದಾರಿ ಮುಳುಗುತ್ತದೆ. ಆಳು, ಗೊಬ್ಬರ, ಅಡಿಕೆ ಗೊನೆ ಎಲ್ಲವೂ ನೀರಿನ ಮೇಲೆಯೇ ಓಡಾಡಬೇಕು. ಹೆಚ್ಚಿನವರದು ತೆಪ್ಪ. ನನ್ನದು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ, ರಿವೆಟ್ ಹೊಡೆದ ಹಳೆಯ ಅಲ್ಯೂಮಿನಿಯಂ ದೋಣಿ. ಅದರ ತಳ ಸೋರತೊಡಗಿದಾಗ ಗುಜರಿಗೆ ಹಾಕಿ ಫೈಬರ್ ದೋಣಿ ತನ್ನಿ ಎಂದವರೇ ಹೆಚ್ಚು. ಕೊಟೇಶನ್ ತರಿಸಿದೆ: 70 ಸಾವಿರ, ಸಾಗಣೆ ಬೇರೆ.

70 ಸಾವಿರವನ್ನು ಶೇ 7ರ ಠೇವಣಿಯಲ್ಲಿಟ್ಟರೆ ವರ್ಷಕ್ಕೆ 4,900 ರೂಪಾಯಿ ಬಡ್ಡಿ. ಹೊಸ ದೋಣಿ ಕೊಂಡ ದಿನದಿಂದ ಆ ಬಡ್ಡಿ ಕೈತಪ್ಪುತ್ತದೆ. ಹಾಗಾಗಿ ರಿಪೇರಿಯ ಖರ್ಚನ್ನು 70 ಸಾವಿರದ ಜೊತೆಯಲ್ಲಲ್ಲ, ಈ 4,900ರ ಜೊತೆ ಇಟ್ಟು ನೋಡಬೇಕು. ರಿಪೇರಿ ಎಷ್ಟು ಮಳೆಗಾಲ ಬಾಳುತ್ತದೆ ಎನ್ನುವುದೇ ಇಲ್ಲಿ ಮುಖ್ಯ.

ಅದು ಗೊತ್ತಾಗಲು ಕಾಸು ಖರ್ಚಾಗದ ಪರೀಕ್ಷೆಯೊಂದಿದೆ. ಬೇಸಿಗೆಯಲ್ಲಿ ದಾವಣಗೆರೆ ಕಡೆಯ ನಾಲೆಗಳಿಗೆ ನೀರು ಹರಿದು ಹಿನ್ನೀರು ಇಳಿದಾಗ ದೋಣಿಯನ್ನು ದಿಮ್ಮಿಗಳ ಮೇಲೆ ಏರಿಸಿ, ತಳಕ್ಕೆ ಚೆನ್ನಾಗಿ ಆಧಾರ ಕೊಟ್ಟು, ಒಳಗೆ ಗೇಣುದ್ದ ನೀರು ತುಂಬಿಸಬೇಕು. ಹೊರಗೆ ಎಲ್ಲಿ ಹನಿ ಮೂಡುತ್ತದೋ ಅಲ್ಲಿ ಗುರುತು. ನನ್ನ ದೋಣಿಯಲ್ಲಿ ಹನಿ ಮೂಡಿದ್ದು ಹೆಚ್ಚಾಗಿ ನಡುಗೆರೆಯ ರಿವೆಟ್ ಸಾಲಿನಲ್ಲಿ. ಕೆಲವು ರಿವೆಟ್‌ಗಳ ತಲೆಯ ಸುತ್ತ ಕಾಡಿಗೆಯಂತೆ ಕಪ್ಪು ಉಂಗುರ ಕಟ್ಟಿತ್ತು. ಸಡಿಲವಾದ ರಿವೆಟ್ ತಗಡಿಗೆ ಉಜ್ಜಿ ಉಜ್ಜಿ ಬರುವ ಮಸಿ ಅದು.

ಕೆಲಸಕ್ಕೆ ಜನ ಸಿಕ್ಕಿದ್ದು ಕೊಪ್ಪದಲ್ಲಿ. ಇದು ಬಸ್ಸಿನ ಊರು. ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆ 2020ರಲ್ಲಿ ನಿಂತುಹೋದದ್ದು ನಮ್ಮ ಮಲೆನಾಡಿಗೆ ಆದ ದೊಡ್ಡ ನಷ್ಟ, ಈಗಲೂ ನೆನೆದರೆ ಬೇಸರವಾಗುತ್ತದೆ. ಆದರೆ ಬಸ್ ಬಾಡಿಗೆ ಅಲ್ಯೂಮಿನಿಯಂ ತಗಡು ಕೂರಿಸಿ ರಿವೆಟ್ ಹೊಡೆದು ಪಳಗಿದ ಕೈಗಳು ಊರಲ್ಲಿ ಇನ್ನೂ ಇವೆ. ಹಿರಿಯ ಟಿಂಕರ್ ಒಬ್ಬರು ತಳವನ್ನು ಬೆರಳಲ್ಲಿ ತಟ್ಟಿ ನೋಡಿ, "ತಗಡಿಗೆ ಏನೂ ಆಗ್ಲಿಲ್ಲ ಭಟ್ರೇ, ರಿವೆಟ್ ಸಡಿಲ ಆಗಿದ್ದು ಅಷ್ಟೆ" ಎಂದರು. ಹುಡುಗನೊಬ್ಬ ಹೊರಗಿನಿಂದ ರಿವೆಟ್ ತಲೆಗೆ ಭಾರದ ಕಬ್ಬಿಣದ ತುಂಡು ಒತ್ತಿ ಹಿಡಿದ. ಇವರು ಒಳಗಿನಿಂದ ಬಾಲಕ್ಕೆ ಸಣ್ಣ ಸಣ್ಣ ಪೆಟ್ಟು ಕೊಟ್ಟು ಬಿಗಿದರು. ತೂತು ಅಗಲವಾದಲ್ಲಿ ಒಂದು ಸೈಜ್ ದಪ್ಪದ ಅಲ್ಯೂಮಿನಿಯಂ ರಿವೆಟ್, ಅದರಡಿ ಪಾಲಿಯುರೆಥೇನ್ ಸೀಲೆಂಟ್.

ವೆಲ್ಡಿಂಗ್ ಮಾಡಿಸಿ ಎಂದವರೂ ಇದ್ದರು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಅದರ ಮೇಲಿನ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿ ದಾಟಬೇಕು. ತೆಳು ತಗಡಿನಲ್ಲಿ ತೂತು ಮುಚ್ಚಲು ಹೋಗಿ ತೂತು ದೊಡ್ಡದಾಗುವುದು ಹೀಗೆ. ಕಬ್ಬಿಣದ ಬೋಲ್ಟ್ ಇನ್ನೂ ಕೆಟ್ಟದ್ದು. ನೀರು ತಾಗಿದರೆ ಅದರ ಸುತ್ತಲಿನ ಅಲ್ಯೂಮಿನಿಯಂ ಸವೆಯುತ್ತದೆ. ಮಾಮೂಲಿ ಪಾಪ್ ರಿವೆಟ್ ನಡುವೆ ಟೊಳ್ಳು, ನೀರಿಗೆ ದಾರಿ.

ಹಿಂಭಾಗದಲ್ಲಿ ಮಾತ್ರ ತಗಡು ಸಿಡುಬು ಬಂದಂತೆ ಗುಳಿಬಿದ್ದಿತ್ತು. ಹಿಂದಿನ ಮಾಲೀಕರು ಮೈಲುತುತ್ತದ ಚೀಲ ಇಡುತ್ತಿದ್ದ ಜಾಗವಂತೆ ಅದು. ತಾಮ್ರದ ಲವಣ ಒದ್ದೆ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯದೆ ನಮಗೆ ವಿಧಿಯಿಲ್ಲ, ಆದರೆ ಮೈಲುತುತ್ತ ದೋಣಿ ಏರುವುದಾದರೆ ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಏರಲಿ. ಗುಳಿಬಿದ್ದ ಆ ಜಾಗಕ್ಕೆ ಅಲ್ಯೂಮಿನಿಯಂ ತೇಪೆ ಹಾಕಿಸಬೇಕಾಯಿತು.

ಲೆಕ್ಕ ಹೀಗೆ: ಕೂಲಿ 3,800, ರಿವೆಟ್ 600, ಸೀಲೆಂಟ್ 900, ತೇಪೆಯ ತಗಡು 1,200, ಕೊಪ್ಪಕ್ಕೆ ಹೋಗಿಬರುವ ಪಿಕಪ್ ಬಾಡಿಗೆ 1,800. ಒಟ್ಟು 8,300 ರೂಪಾಯಿ. ಎರಡು ಮಳೆಗಾಲ ಬಾಳಿದರೆ ಬಡ್ಡಿಯಲ್ಲೇ ಹುಟ್ಟಿತು.

ಕೈಯಲ್ಲಿ ಕಾಸಿಲ್ಲದಿದ್ದರೆ ಕೈಸಾಲಕ್ಕೆ ಹೋಗಬೇಡಿ. ಕಿಸಾನ್ ಕ್ರೆಡಿಟ್ ಕಾರ್ಡಿನ ಮಿತಿ ನಿಗದಿಯಾಗುವಾಗ ಬೆಳೆಯ ಲೆಕ್ಕದ ಮೇಲೆ ಶೇ 20ರಷ್ಟನ್ನು ಕೃಷಿ ಆಸ್ತಿಗಳ ದುರಸ್ತಿ, ನಿರ್ವಹಣೆಗೆಂದು ಸೇರಿಸುತ್ತಾರೆ. ಬೆಳೆಗೆ 2 ಲಕ್ಷ ಬಂದರೆ ದುರಸ್ತಿಗೆ 40 ಸಾವಿರ. 3 ಲಕ್ಷದೊಳಗಿನ ಬೆಳೆಸಾಲಕ್ಕೆ ಬಡ್ಡಿ ಶೇ 7, ವಾಯಿದೆಗೆ ಕಟ್ಟಿದರೆ ಶೇ 4. ತೋಟಕ್ಕೆ ಓಡಾಡುವ ದೋಣಿಯ ವಿಷಯ ಬ್ಯಾಂಕಿನಲ್ಲಿ ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ.

ತಳ ಒತ್ತಿದರೆ ಬಾಗುವಷ್ಟು ತಗಡು ತೆಳುವಾಗಿದ್ದರೆ, ಗುಳಿಗಳು ಉದ್ದಕ್ಕೂ ಹರಡಿದ್ದರೆ ರಿಪೇರಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ, ನೀರಿನ ಮೇಲೆ ಜೀವದ ಪ್ರಶ್ನೆ. ಗುಜರಿಗೆ ಕೊಡುವ ಮುಂಚೆ ಸೀಟಿನಡಿಯ ಫೋಮ್, ಮರದ ಹಲಗೆ, ಕಬ್ಬಿಣದ ಬೋಲ್ಟ್ ಎಲ್ಲ ಕಿತ್ತು ಬರೀ ಅಲ್ಯೂಮಿನಿಯಂ ಮಾತ್ರ ತೂಕಕ್ಕೆ ಹಾಕಿ. ಬೆರಕೆ ಇದ್ದರೆ ಇಡೀ ದೋಣಿಗೆ ಬೆಲೆ ಇಳಿಸುತ್ತಾರೆ.