ಅಪರೂಪದ ಇಂಗ್ಲಿಷ್ ನಾಮಪದಗಳೂ ನಮ್ಮ ಗಣಿಯ ಮಾತೂ

ಪರೀಕ್ಷೆ ಸಮೀಪಿಸಿತೆಂದರೆ ವಿದ್ಯಾರ್ಥಿಗಳಲ್ಲಿ ಹಲವರು ಇಂಗ್ಲಿಷಿನ ಅಪರಿಚಿತ ನಾಮಪದಗಳ ಪಟ್ಟಿಯೊಂದನ್ನು ಹಿಡಿದು, ಒಂದೊಂದರ ಎದುರಿಗೂ ಒಂದು ಪರ್ಯಾಯಪದವನ್ನು ಬರೆದುಕೊಂಡು ಬಾಯಿಪಾಠ ಮಾಡತೊಡಗುತ್ತಾರೆ. 'ಆ್ಯಡಿಟ್' ಎಂದರೆ ಪ್ಯಾಸೇಜ್, 'ವಿಂಜ್' ಎಂದರೆ ಪಿಟ್, 'ಗ್ಯಾಂಗ್' ಎಂದರೆ ವೇಸ್ಟ್ - ಹೀಗೆ. ವಾರ ಕಳೆಯುವುದರೊಳಗೆ ಅರ್ಧ ಮರೆತುಹೋಗುತ್ತದೆ. ನೆನಪಿನಲ್ಲಿ ಉಳಿದದ್ದು ವಾಕ್ಯದಲ್ಲಿ ಸಲ್ಲದ ಕಡೆ ಹೋಗಿ ಕೂರುತ್ತದೆ. ಇದಕ್ಕೆ ಜ್ಞಾಪಕಶಕ್ತಿಯನ್ನು ದೂರುವುದು ನ್ಯಾಯವಲ್ಲ. ಪರ್ಯಾಯಪದವೆಂದರೇನು ಎಂಬುದನ್ನು ಮೊದಲು ವಿಚಾರಿಸಬೇಕು.

ಪರ್ಯಾಯಪದಗಳನ್ನು ಕಲಿಯುವುದು ನಮಗೆ ಹೊಸದೇನಲ್ಲ. ಅಮರಕೋಶವನ್ನು ಕಂಠಪಾಠ ಮಾಡಿದ ಹಿರಿಯರು ಚಿನ್ನಕ್ಕೆ ಕನಕ, ಹೇಮ, ಹಿರಣ್ಯ, ಹಾಟಕ ಎಂದು ಒಂದೇ ಉಸಿರಿನಲ್ಲಿ ಹೇಳಬಲ್ಲವರಾಗಿದ್ದರು. ಕನ್ನಡದಲ್ಲಿಯೂ ಚಿನ್ನ, ಬಂಗಾರ, ಹೊನ್ನು ಎಂಬ ಮೂರು ಮಾತುಗಳಿವೆ, ವಸ್ತು ಒಂದೇ. ಆದರೆ ಯುಗಾದಿಯ ಹೊತ್ತಿಗೆ ರೈತನು ಹೂಡುವುದು 'ಹೊನ್ನಾರು'. ಅದನ್ನು 'ಚಿನ್ನಾರು' ಎಂದರೆ ಯಾರೂ ಒಪ್ಪರು. ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆ ಎಂಬ ಹೆಸರಿತ್ತು. ಊರು ಅದೇ, ಒಂದು ಹೆಸರು 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಲೂಯಿನ್ ಬೌರಿಂಗರನ್ನು ನೆನೆಸುತ್ತದೆ, ಇನ್ನೊಂದು ನೆರೆಯ ನೆಲದ ಬಂಗಾರವನ್ನು ನೆನಪಿಗೆ ತರುತ್ತದೆ. ಆದುದರಿಂದ ಎರಡು ಪದಗಳು ಒಂದೇ ವಸ್ತುವನ್ನು ತೋರಿಸಿದರೂ ಅವು ತೋರಿಸುವ ಮುಖ ಬೇರೆ ಎಂಬುದನ್ನು ಮರೆಯಲಾಗದು.

ಈ ವಿಚಾರವನ್ನು ಪರೀಕ್ಷಿಸಿ ನೋಡಲು ಕೋಲಾರದ ಚಿನ್ನದ ಗಣಿಗಳಿಗಿಂತ ಒಳ್ಳೆಯ ಪಾಠಶಾಲೆ ಸಿಕ್ಕದು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯವರು ಇಲ್ಲಿಯ ಗಣಿಗಳ ಆಡಳಿತ ವಹಿಸಿಕೊಂಡ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲಿನ ಗಣಿಗಾರರು ಬಂದರು. ಅವರೊಡನೆ ಅವರ ಕಸುಬಿನ ಮಾತುಗಳೂ ಬಂದವು. ತಮಿಳು, ತೆಲುಗು, ಕನ್ನಡ ಆಡುವ ಕಾರ್ಮಿಕರ ಬಾಯಲ್ಲಿ ಆ ಮಾತುಗಳು ಮನೆಮಾತಾದವು. ಬೇರೆ ಊರಿನ ವಿದ್ಯಾರ್ಥಿಗೆ ನಿಘಂಟಿನಲ್ಲಷ್ಟೇ ದೊರೆಯುವ ನಾಮಪದಗಳು ಇಲ್ಲಿ ಅಕ್ಷರ ಬಾರದ ಮುದುಕರಿಗೂ ಗೊತ್ತು.

ಮೊದಲು 'ಶಾಫ್ಟ್', 'ವಿಂಜ್', 'ರೈಸ್' ಎಂಬ ಮೂರನ್ನು ತೆಗೆದುಕೊಳ್ಳೋಣ. ಮೂರೂ ಮೇಲು ಕೆಳಗಾಗಿ ಹೋಗುವ ಗುಂಡಿಗಳೇ. ನೆಲದ ಮೇಲಿನಿಂದ ಕೆಳಕ್ಕೆ ತೋಡಿದ ಬಾವಿ ಶಾಫ್ಟ್. ಗಣಿಯ ಒಳಗಿನ ಒಂದು ಮಟ್ಟದಿಂದ ಕೆಳಕ್ಕೆ ತೋಡಿದ್ದು ವಿಂಜ್. ಕೆಳಗಿನ ಮಟ್ಟದಿಂದ ಮೇಲಕ್ಕೆ ಕೊರೆದದ್ದು ರೈಸ್. ವ್ಯತ್ಯಾಸ ಎಲ್ಲಿದೆ? ಕೆಲಸ ಎಲ್ಲಿಂದ ಆರಂಭವಾಯಿತು, ಯಾವ ದಿಕ್ಕಿಗೆ ನಡೆಯಿತು ಎಂಬುದರಲ್ಲಿದೆ. ಅಡ್ಡಲಾಗಿ ಹೋಗುವ ದಾರಿಗಳಿಗೂ ಇದೇ ನಿಯಮ. ಗುಡ್ಡದ ಪಕ್ಕದಿಂದ ಒಳಕ್ಕೆ ಹೊಕ್ಕ ಸುರಂಗ 'ಆ್ಯಡಿಟ್'. ಅದಿರಿನ ಜಾಡನ್ನು ಹಿಡಿದು ಸಾಗಿದ್ದು 'ಡ್ರೈವ್' ಅಥವಾ 'ಡ್ರಿಫ್ಟ್'. ಬಂಡೆಯನ್ನು ಅಡ್ಡಹಾಯ್ದು ಆ ಜಾಡನ್ನು ಮುಟ್ಟುವುದು 'ಕ್ರಾಸ್‌ಕಟ್'. ಎಲ್ಲಕ್ಕೂ 'ಪ್ಯಾಸೇಜ್' ಎಂದು ಬರೆದರೆ ತಪ್ಪೇನೂ ಆಗದು. ಆದರೆ ಹಾಗೆ ಬರೆದವನಿಗೆ ದಾರಿ ತಿಳಿಯದು.

ಎರಡನೆಯ ಉಪಾಯ ಪದದ ಮೂಲವನ್ನು ಹುಡುಕುವುದು. ಲ್ಯಾಟಿನ್ನಿನಲ್ಲಿ 'ಆದಿತುಸ್' ಎಂದರೆ ಪ್ರವೇಶ. ಅದರಿಂದ ಆ್ಯಡಿಟ್ ಬಂತು. ಅದಿರಿನ ಜಾಡಿಗೆ ಹೇಳುವ 'ಲೋಡ್' ಎಂಬುದಕ್ಕೆ ಹಳೆಯ ಇಂಗ್ಲಿಷಿನಲ್ಲಿ ದಾರಿ ಎಂದೇ ಅರ್ಥ. ಹೊರೆ ಎಂಬರ್ಥದ ಲೋಡ್ ಕೂಡ ಅದೇ ಬೇರಿನದು. 'ರೀಫ್' ಎಂಬುದು ಪಕ್ಕೆಲುಬು ಎಂಬರ್ಥದ ಪದದಿಂದ ಹುಟ್ಟಿ, ಕಡಲಿನ ಬಂಡೆಸಾಲಿಗೆ ಸಂದು, ಬಳಿಕ ಚಿನ್ನವಿರುವ ಬೆಣಚುಕಲ್ಲಿನ ಸಾಲಿಗೂ ಸಂದಿತು. ಚಾಂಪಿಯನ್ ರೀಫ್ ಎಂಬ ಹೆಸರಿನಲ್ಲಿ ಈ ಪದವನ್ನು ನಾವು ದಿನವೂ ಉಚ್ಚರಿಸುತ್ತೇವೆ. ಅದಿರನ್ನು ಮೇಲೆತ್ತುವ 'ಸ್ಕಿಪ್' ಮೂಲದಲ್ಲಿ ಒಂದು ಬುಟ್ಟಿ. ಅದಿರಿನ ಜೊತೆಗಿರುವ ಕೆಲಸಕ್ಕೆ ಬಾರದ ಕಲ್ಲು 'ಗ್ಯಾಂಗ್'. ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಕೊನೆಯಲ್ಲಿ ಉಳಿದ ಪುಡಿ 'ಟೇಲಿಂಗ್ಸ್'. ಎರಡಕ್ಕೂ 'ವೇಸ್ಟ್' ಎಂದರೆ ನಡುವೆ ನಡೆದ ಕೆಲಸವೆಲ್ಲ ಮರೆಯಾಗುತ್ತದೆ. ಬಂಗಾರಪೇಟೆಯಿಂದ ಮಾರಿಕುಪ್ಪಮಿನ ರೈಲಿನಲ್ಲಿ ಬರುವ ಸಹಪಾಠಿಗಳು ಟೇಲಿಂಗ್ಸ್ ಎಂದರೇನೆಂದು ನಿಘಂಟನ್ನು ಕೇಳಬೇಕಾಗಿಲ್ಲ. ಸಯನೈಡ್ ದಿಬ್ಬಗಳೇ ಅದರ ಅರ್ಥವನ್ನು ಹೇಳುತ್ತವೆ.

ಪರ್ಯಾಯಪದಗಳ ವ್ಯತ್ಯಾಸ ಕೇವಲ ಅಂಕಗಳ ವಿಷಯವಲ್ಲವೆಂಬುದಕ್ಕೆ ಇನ್ನೊಂದು ನಿದರ್ಶನವಿದೆ. ಆಳದ ಗಣಿಯಲ್ಲಿ ಬಂಡೆ ಹಠಾತ್ತನೆ ಸಿಡಿದು ಜೀವಹಾನಿ ಮಾಡುವ ಘಟನೆಗೆ ಇಂದು 'ರಾಕ್‌ಬರ್ಸ್ಟ್' ಎನ್ನುತ್ತಾರೆ. ಹಿಂದೆ ಇಲ್ಲಿ ಅದಕ್ಕೆ 'ಏರ್‌ಬ್ಲಾಸ್ಟ್' ಎಂದೂ 'ಕ್ವೇಕ್' ಎಂದೂ ಹೆಸರಿತ್ತು. ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸ್ಮೀತ್ 1904ರಲ್ಲಿ ಪ್ರಕಟಿಸಿದ ವರದಿಯ ತಲೆಬರಹದಲ್ಲಿಯೇ ಈ ಎರಡು ಪದಗಳಿವೆ. ಏರ್‌ಬ್ಲಾಸ್ಟ್ ಎಂಬುದು ಸುರಂಗದಲ್ಲಿದ್ದವನ ಮೈಗೆ ಬಡಿದ ಗಾಳಿಯನ್ನು ಹೇಳುತ್ತದೆ. ಕ್ವೇಕ್ ಎಂಬುದು ಮೇಲೆ ಮನೆಯಲ್ಲಿದ್ದವರ ಕಾಲಡಿ ನಡುಗಿದ ನೆಲವನ್ನು ಹೇಳುತ್ತದೆ. ರಾಕ್‌ಬರ್ಸ್ಟ್ ಎಂಬುದು ಕಾರಣವನ್ನು ಹೇಳುತ್ತದೆ - ಅಪಾರ ಭಾರದಡಿ ಅದುಮಿಟ್ಟ ಬಂಡೆಯ ಪಕ್ಕವನ್ನು ತೋಡಿದಾಗ, ಅದರಲ್ಲಿ ಅಡಗಿದ್ದ ಶಕ್ತಿ ಒಮ್ಮೆಗೇ ಬಿಡುಗಡೆಯಾಗುವುದನ್ನು. ಸುಮಾರು 3 ಕಿಲೋಮೀಟರಿಗೂ ಮೀರಿ ಆಳಕ್ಕಿಳಿದ ಚಾಂಪಿಯನ್ ರೀಫ್ ಗಣಿಯಲ್ಲಿ ಕಾರಣವನ್ನು ತಿಳಿಯುವುದು ಪ್ರಾಣದ ಪ್ರಶ್ನೆಯಾಗಿತ್ತು. ಮೂರೂ ಪರ್ಯಾಯಪದಗಳೇ, ಆದರೆ ಒಂದೊಂದರಲ್ಲಿಯೂ ಒಬ್ಬೊಬ್ಬರ ಅನುಭವವಿದೆ.

ಇಷ್ಟರಿಂದ ನಮಗೆ ದೊರೆಯುವ ಅಭ್ಯಾಸಕ್ರಮ ಸರಳವಾದುದು. ಹೊಸ ನಾಮಪದವನ್ನು ಒಂಟಿಯಾಗಿ ಕಲಿಯದೆ ಅದರ ನೆರೆಹೊರೆಯ ಎರಡು ಮೂರು ಪದಗಳೊಡನೆ ಕಲಿಯಬೇಕು. ಅವು ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ಒಂದು ಕನ್ನಡ ವಾಕ್ಯದಲ್ಲಿ ಬರೆದುಕೊಳ್ಳಬೇಕು. ಮೂಲ ದೊರೆತರೆ ಗುರುತಿಸಬೇಕು. ಬಳಿಕ ಸ್ವಂತ ವಾಕ್ಯವೊಂದನ್ನು ರಚಿಸಿ, ಅದರಲ್ಲಿ ಒಂದನ್ನು ತೆಗೆದು ಇನ್ನೊಂದನ್ನು ಇಟ್ಟು ನೋಡಬೇಕು. ಅರ್ಥ ಕೆಡದಿದ್ದರೆ ಅಲ್ಲಿ ಅವು ಪರ್ಯಾಯಪದಗಳು, ಕೆಟ್ಟರೆ ಅಲ್ಲ. ಹೀಗೆ ದಿನಕ್ಕೆ ಮೂರು ಪದ ಕಲಿತರೆ ಸಾಕು.

ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಕೆಲಸ ನಿಂತ ಮೇಲೆ ಕೆಲಸದ ಮಾತೂ ಬಹುಕಾಲ ಉಳಿಯದು. ನಮ್ಮಲ್ಲಿ ಕೆಲವರು, ತಾತಂದಿರು ಆಡುವ 'ಶಾಫ್ಟು', 'ಸ್ಟೋಪು'ಗಳನ್ನು ಅಪಭ್ರಂಶವೆಂದು ಕೇಳಿ ನಗುವುದುಂಟು. ಅದಿರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ತೆಗೆಯುವ ಜಾಗವೇ ಸ್ಟೋಪ್ ಎಂದು ನಿಘಂಟಿನಿಂದ ನಾವು ತಿಳಿಯಬಹುದು. ಅಲ್ಲಿ ನಿಂತು ಕಡಿದವರಿಗೆ ಅದರ ಬಿಸಿಯೂ ಗೊತ್ತು, ಅಪಾಯವೂ ಗೊತ್ತು. ಅವರ ಬಳಿ ಒಂದು ನೋಟುಪುಸ್ತಕ ಹಿಡಿದು ಕುಳಿತು, ಒಂದೊಂದು ಪದವನ್ನೂ ಅದರ ಅರ್ಥವನ್ನೂ ಕೇಳಿ ಬರೆದುಕೊಳ್ಳುವುದು ಈ ಬೇಸಗೆಯ ರಜೆಯಲ್ಲಿ ನಮ್ಮೆಲ್ಲರಿಗೂ ಸಾಧ್ಯವಾದ ಕೆಲಸ. ಇಂಗ್ಲಿಷಿನ ಪಾಠಕ್ಕೆ ಅದರಿಂದ ಆಗುವ ಲಾಭ ಚಿಕ್ಕದಲ್ಲ.