ಹಳೆಯ ಮನೆಗಳ ಮರಗಳು

ಮುಂಬಯಿಯಲ್ಲಿ ಮರಗಳೆಲ್ಲಿವೆ ಎಂದು ಊರಿನಿಂದ ಬಂದ ನೆಂಟರು ಕೇಳುವುದುಂಟು. ಅವರನ್ನು ದಾದರ್, ಮಾಟುಂಗಾಗಳ ಹಳೆಯ ಬೀದಿಗಳಿಗೆ ಕರೆದೊಯ್ದರೆ ಆ ಪ್ರಶ್ನೆ ತಾನಾಗಿಯೇ ಅಡಗುವುದು. 1896ರಲ್ಲಿ ಈ ನಗರಕ್ಕೆ ಪ್ಲೇಗು ಬಂದೆರಗಿತು. ಅದರ ಹಿಂದೆಯೇ, 1898ರಲ್ಲಿ, ನಗರ ಸುಧಾರಣಾ ಟ್ರಸ್ಟು ಸ್ಥಾಪಿತವಾಯಿತು. ಗಾಳಿ ಬೆಳಕುಗಳಿಲ್ಲದ ಕೇರಿಗಳ ಇಕ್ಕಟ್ಟನ್ನು ಕಡಮೆ ಮಾಡಿ, ಹೊಸ ಬಡಾವಣೆಗಳನ್ನು ನಿರ್ಮಿಸುವುದು ಅದರ ಉದ್ದೇಶಗಳಲ್ಲೊಂದಾಗಿದ್ದಿತು. ದಾದರ್-ಮಾಟುಂಗಾ ಬಡಾವಣೆಗಳು ಹುಟ್ಟಿದುದು ಹೀಗೆ. ಅಗಲವಾದ ರಸ್ತೆ, ರಸ್ತೆಗೂ ಮನೆಗೂ ನಡುವೆ ಸ್ವಲ್ಪ ಬಯಲು, ಆ ಬಯಲಿನಲ್ಲಿ ಮರ. ಮನೆಗಳು ಎರಡು ಮೂರು ಅಂತಸ್ತಿನವು. ಮರಗಳು ಇಂದು ಅವುಗಳ ಮಾಳಿಗೆಯನ್ನು ಮೀರಿ ಬೆಳೆದು ನಿಂತಿವೆ.

ಈ ಮರಗಳಲ್ಲಿ ಹಲವು ನಮ್ಮಂತೆಯೇ ಪರವೂರಿನಿಂದ ಬಂದು ನೆಲೆಸಿದವು. ಮಳೆಮರದ ತವರು ಮಧ್ಯ ಅಮೇರಿಕ ಮತ್ತು ದಕ್ಷಿಣ ಅಮೇರಿಕ. ಮೋಡ ಕವಿದಾಗಲೂ ಸಂಜೆಯ ಹೊತ್ತಿನಲ್ಲಿಯೂ ಅದು ಎಲೆಗಳನ್ನು ಮಡಿಸಿಕೊಳ್ಳುವುದನ್ನು ನೀವು ಕಂಡಿರಬಹುದು. ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು. ಮಾವು, ಹಲಸು, ಅರಳಿ, ಆಲಗಳು ನಮ್ಮವೇ. ಎಲ್ಲಿಯವಾದರೇನು, ನೆರಳನ್ನು ಕೊಡುವಾಗ ಅವು ಭೇದವೆಣಿಸುವುದಿಲ್ಲ.

ಮನೆಗೆ ವಯಸ್ಸಾದಂತೆ ನಾವು ಅದಕ್ಕೆ ಗಾರೆ ಬಳಿಸುವೆವು, ಸೋರುವ ಮಾಳಿಗೆಯನ್ನು ಸರಿಪಡಿಸುವೆವು, ತೊಲೆಗಳಿಗೆ ಗೆದ್ದಲು ಹತ್ತಿದೆಯೇ ಎಂದು ನೋಡಿಸುವೆವು. ಅದೇ ಅಂಗಳದಲ್ಲಿ, ಅದೇ ವಯಸ್ಸಿನ ಮರವನ್ನು ಕುರಿತು ಮಾತ್ರ ಯಾರೂ ಯೋಚಿಸುವುದಿಲ್ಲ. ಅದರ ನೆನಪಾಗುವುದು ಅದು ಬಿದ್ದ ದಿನ. 2021ರ ಮೇ 17ರಂದು ‘ತೌಕ್ತೆ’ ಚಂಡಮಾರುತವು ಈ ಕರಾವಳಿಯ ಹತ್ತಿರ ಹಾದುಹೋದಾಗ ನಗರದಲ್ಲಿ ನೂರಾರು ಮರಗಳು ಉರುಳಿದವು. ಗಾಳಿಯ ರಭಸವು ಅಪಾರವಾಗಿದ್ದುದು ನಿಜ. ಆದರೆ ಒಂದೇ ಬೀದಿಯಲ್ಲಿ, ಒಂದೇ ಜಾತಿಯ ಎರಡು ಮರಗಳಲ್ಲಿ ಒಂದು ಬಿದ್ದು ಇನ್ನೊಂದು ನಿಂತುದೇಕೆ? ಇದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಗಾಳಿಯನ್ನು ನಾವು ತಡೆಯಲಾರೆವು. ಮರದ ಮೈಯಲ್ಲಿ ಮನುಷ್ಯನು ಮಾಡಿದ ಗಾಯಗಳನ್ನು ತಡೆಯಬಲ್ಲೆವು.

ನಾವು ವಾಸಿಸುವ ವಠಾರದ ಸಂಗತಿಯನ್ನೇ ಹೇಳುವೆವು. ಅಂಗಳದಲ್ಲಿ ಒಂದು ಮಳೆಮರವಿದೆ. ವಠಾರದ ಅತ್ಯಂತ ಹಿರಿಯರಾದ ಅಜ್ಜಿಯೊಬ್ಬರು ಮದುವೆಯಾಗಿ ಬಂದಾಗಲೇ ಅದು ದೊಡ್ಡ ಮರವಾಗಿದ್ದಿತಂತೆ. ಕೆಲವು ವರ್ಷಗಳ ಹಿಂದೆ ನಿವಾಸಿಗಳ ಸಭೆಯಲ್ಲಿ ಮರದ ಮೇಲೆ ದೂರುಗಳು ಬಂದವು: ಎಲೆಗಳು ಬಿದ್ದು ಮೋರಿ ಕಟ್ಟಿಕೊಳ್ಳುತ್ತದೆ, ಕೋಣೆಗಳಿಗೆ ಬೆಳಕಿಲ್ಲ, ಕಾಗೆಗಳ ಕಾಟ. ಒಬ್ಬ ಗುತ್ತಿಗೆದಾರನನ್ನು ಕರೆಸಿದೆವು. ಅವನ ಆಳುಗಳು ಮಚ್ಚು ಗರಗಸಗಳೊಡನೆ ಮೇಲೇರಿ, ಒಂದೇ ದಿನದಲ್ಲಿ ದೊಡ್ಡ ಕೊಂಬೆಗಳನ್ನೆಲ್ಲ ಅರ್ಧಕ್ಕೆ ಕಡಿದು ಮರವನ್ನು ಬೋಳು ಮಾಡಿ ಹೋದರು. ಸಭೆಯಲ್ಲಿ ಕೈಯೆತ್ತಿದವರಲ್ಲಿ ನಾವೂ ಒಬ್ಬರೆಂದು ಇಲ್ಲಿ ಒಪ್ಪಿಕೊಳ್ಳಬೇಕು.

ಮರುವರ್ಷವೇ ಮೊಂಡುಗಳ ತುದಿಯಲ್ಲಿ ಪೊದೆಪೊದೆಯಾಗಿ ಚಿಗುರು ಬಂದಿತು. ಮರವು ಹೊಸ ಯೌವನವನ್ನು ಪಡೆಯಿತೆಂದು ಎಲ್ಲರೂ ಹಿಗ್ಗಿದೆವು. ಆ ಚಿಗುರುಗಳು ಬಲಿತು ತೊಡೆಯ ಗಾತ್ರದ ಕೊಂಬೆಗಳಾದವು. ಬಳಿಕ ಒಂದು ಜುಲೈ ತಿಂಗಳ ರಾತ್ರಿ, ಹೇಳಿಕೊಳ್ಳುವಂತಹ ಗಾಳಿಯೂ ಇಲ್ಲದಿರುವಾಗ, ಅವುಗಳಲ್ಲೊಂದು ಬುಡದಿಂದಲೇ ಸೀಳಿ ಅಜ್ಜಿಯವರ ಅಡುಗೆಮನೆಯ ಶೀಟಿನ ಮೇಲೆ ಬಿದ್ದಿತು. ಅವರು ಆಗ ಹೊರಕೋಣೆಯಲ್ಲಿ ಮಲಗಿದ್ದುದರಿಂದ ಪ್ರಾಣಹಾನಿಯಾಗಲಿಲ್ಲ. ಬೆಳಗಾಗುವುದರೊಳಗಾಗಿ ವಠಾರವೆಲ್ಲ ಒಂದೇ ಮಾತಾಡತೊಡಗಿತು: ಮರವನ್ನು ಬುಡಸಹಿತ ಕಡಿಸಿಬಿಡಬೇಕು.

ಆದರೆ ಅಜ್ಜಿಯವರು ಮಾತ್ರ, “ಮೊದಲು ಬಲ್ಲವರಿಗೆ ತೋರಿಸಿರಿ” ಎಂದು ಹಟ ಹಿಡಿದರು. ಮರಗಳ ಆರೈಕೆಯನ್ನೇ ವೃತ್ತಿಯಾಗಿ ಮಾಡಿಕೊಂಡವರಿಗೆ ಇಂಗ್ಲಿಷಿನಲ್ಲಿ ‘ಆರ್ಬರಿಸ್ಟ್’ ಎಂಬ ಹೆಸರಿದೆ, ನಾವು ವೃಕ್ಷವೈದ್ಯರೆನ್ನೋಣ. ಬಂದವರು ಕಲಬುರಗಿಯ ಕಡೆಯವರು. ಈ ನಗರದಲ್ಲಿಯೇ ತರಬೇತು ಹೊಂದಿ, ಬಹುಕಾಲದಿಂದ ಇದೇ ಕೆಲಸವನ್ನು ಮಾಡುತ್ತಿರುವವರು. ಸೊಂಟಕ್ಕೆ ಪಟ್ಟಿ, ತಲೆಗೆ ಗಟ್ಟಿ ಟೋಪಿ, ಎರಡು ಹಗ್ಗ. ಮೇಲೇರುವ ಮೊದಲು ಅರ್ಧ ಗಂಟೆ ಮರದ ಸುತ್ತ ಸುಮ್ಮನೆ ನಡೆದಾಡಿದರು. ಮರದ ಸುತ್ತಿಗೆಯಿಂದ ಕಾಂಡವನ್ನು ಅಲ್ಲಲ್ಲಿ ಬಡಿದು, ಕಿವಿಗೊಟ್ಟು ಕೇಳಿದರು. ಬುಡದಲ್ಲಿ ಅಣಬೆ ಎದ್ದಿದೆಯೇ, ಒಂದು ಮಗ್ಗುಲ ಮಣ್ಣು ಉಬ್ಬಿ ಬಿರುಕು ಬಿಟ್ಟಿದೆಯೇ ಎಂದು ನೋಡಿದರು. ಬಳಿಕ ಹಗ್ಗ ಹಾಕಿ ಮೇಲೇರಿ, ಆ ಹಳೆಯ ಮೊಂಡುಗಳನ್ನು ಒಂದೊಂದಾಗಿ ಪರೀಕ್ಷಿಸಿ ಇಳಿದು ಬಂದು ಹೇಳಿದರು:

“ಸರ, ಇದು ಗಿಡದ ತಪ್ಪಲ್ಲ. ಹಿಂದ ಕಡದಾರಲ್ಲ, ಅಲ್ಲಿಂದ ಒಳಗ ಕೊಳತು ಹೋಗೇದ. ಹೊಸ ಟೊಂಗಿ ಬರೇ ಮ್ಯಾಲಿನ ತೊಗಟಿಗೆ ಅಂಟಿಕೊಂಡು ನಿಂತಾವ.”

ಆ ಸೀಮೆಯಲ್ಲಿ ಎಷ್ಟು ದೊಡ್ಡ ಮರಕ್ಕೂ ಗಿಡವೆಂದೇ ಹೆಸರು. ಅವರ ಮಾತು ನಾಲ್ಕೇ ಆದರೂ ಅದರ ಹಿಂದೆ ಇರುವ ಶಾಸ್ತ್ರವು ದೊಡ್ಡದು. ಅದನ್ನು ಸ್ವಲ್ಪ ನಿಧಾನವಾಗಿಯೇ ತಿಳಿದುಕೊಳ್ಳೋಣ.

ನಮ್ಮ ಕೈಗೆ ಗಾಯವಾದರೆ ಕೆಲವು ದಿನಗಳಲ್ಲಿ ಅದು ಮಾಯುವುದು. ಕೆಟ್ಟುಹೋದ ಜೀವಕೋಶಗಳ ಸ್ಥಾನದಲ್ಲಿ ಹೊಸ ಜೀವಕೋಶಗಳು ಹುಟ್ಟುವುವು. ಮರಕ್ಕೆ ಈ ಭಾಗ್ಯವಿಲ್ಲ. ಒಮ್ಮೆ ಗಾಯಗೊಂಡ ಕಟ್ಟಿಗೆಯನ್ನು ಅದು ಎಂದಿಗೂ ಸರಿಪಡಿಸಲಾರದು. ಅದು ಮಾಡಬಲ್ಲುದು ಒಂದೇ: ಕೆಟ್ಟ ಭಾಗದ ಸುತ್ತ, ಒಳಗೊಳಗೇ, ಗೋಡೆ ಕಟ್ಟುವುದು, ಕೊಳೆತವು ಆ ಗೋಡೆಯನ್ನು ದಾಟದಂತೆ ತಡೆಹಿಡಿದು, ಹೊರಗೆ ಹೊಸ ಕಟ್ಟಿಗೆಯನ್ನು ಬೆಳೆಸಿಕೊಳ್ಳುವುದು. ಹತ್ತು ವರ್ಷದ ಸಸಿಯಿದ್ದಾಗ ಆದ ಗಾಯವು ನೂರು ವರ್ಷದ ಮರದ ಹೊಟ್ಟೆಯಲ್ಲಿಯೂ ಹಾಗೆಯೇ ಇರುತ್ತದೆ. ಇದನ್ನು ಜಗತ್ತಿಗೆ ತಿಳಿಯಹೇಳಿದವರಲ್ಲಿ ಅಗ್ರಗಣ್ಯನು ಅಮೇರಿಕದ ಅಲೆಕ್ಸ್ ಶೈಗೋ. ಈತನು 1930ರಲ್ಲಿ ಹುಟ್ಟಿ 2006ರಲ್ಲಿ ತೀರಿಕೊಂಡನು. 1959ರಲ್ಲಿ ಅಲ್ಲಿನ ಸರಕಾರದ ಅರಣ್ಯ ಇಲಾಖೆಯನ್ನು ಸೇರಿ, ಸಾವಿರಾರು ಮರಗಳನ್ನು ಯಂತ್ರದ ಗರಗಸದಿಂದ ಉದ್ದಕ್ಕೆ ಸೀಳಿಸಿ, ಕೊಳೆತವು ಎಲ್ಲಿಂದ ಹೊರಟು ಎಲ್ಲಿ ನಿಂತಿದೆಯೆಂದು ಕಣ್ಣಾರೆ ಪರಿಶೀಲಿಸಿದನು.

ಕೊಂಬೆಯು ಕಾಂಡವನ್ನು ಕೂಡುವೆಡೆಯನ್ನು ನೀವು ಹತ್ತಿರದಿಂದ ನೋಡಿದರೆ, ಅಲ್ಲಿ ಬಳೆ ತೊಡಿಸಿದಂತೆ ಸ್ವಲ್ಪ ಉಬ್ಬಿರುವುದು ಕಾಣುತ್ತದೆ. ಮರವು ಗೋಡೆ ಕಟ್ಟುವ ಸಾಮರ್ಥ್ಯವು ಈ ಬಳೆಯಲ್ಲಿ ಅತಿ ಹೆಚ್ಚಾಗಿದೆ. ಬಳೆಯ ಹೊರಗೆ, ಅದಕ್ಕೆ ಒತ್ತಿದಂತೆ ಕೊಯ್ದರೆ ಗಾಯವು ಸುತ್ತಲಿಂದಲೂ ಉಂಗುರದಂತೆ ಮುಚ್ಚುತ್ತ ಬರುವುದು. ಅಂದವಾಗಿರಲೆಂದು ಬಳೆಯನ್ನೇ ಸೇರಿಸಿ ಕಾಂಡಕ್ಕೆ ಸಮನಾಗಿ ಕೊಯ್ದರೆ ಕೊಳೆತವು ನೇರವಾಗಿ ಕಾಂಡದೊಳಕ್ಕೆ ಇಳಿಯುವುದು. ಹಾಗೆಂದು ಒಂದು ಮೊಳದ ಮೊಂಡನ್ನು ಬಿಟ್ಟರೆ ಆ ಮೊಂಡು ಸತ್ತು, ಕೊಳೆಯುವುದಕ್ಕೆ ದಾರಿಯಾಗುವುದು. ನಮ್ಮ ಮಳೆಮರಕ್ಕೆ ಆದುದು ಈ ಕೊನೆಯ ಗತಿ. ಮೊಂಡುಗಳ ತುದಿಯಿಂದ ಹೊರಟ ಚಿಗುರುಗಳು ಹುಟ್ಟುಕೊಂಬೆಗಳಂತೆ ಕಟ್ಟಿಗೆಯ ಆಳದಲ್ಲಿ ಬೇರೂರಿರಲಿಲ್ಲ. ಹೊರಪದರಿನಲ್ಲಿ ಮಾತ್ರ ಅಂಟಿಕೊಂಡಿದ್ದವು. ಅವು ದಪ್ಪವಾಗುತ್ತ ಹೋದಂತೆ ಅವನ್ನು ಹೊತ್ತ ಮೊಂಡು ಟೊಳ್ಳಾಗುತ್ತ ಹೋಯಿತು.

ದೊಡ್ಡ ಕೊಂಬೆಯನ್ನು ತೆಗೆಯಲೇಬೇಕಾದರೆ ಮೂರು ಸಲ ಕೊಯ್ಯುವರು. ಕಾಂಡದಿಂದ ಒಂದು ಮೊಳದಷ್ಟು ದೂರದಲ್ಲಿ ಮೊದಲು ಅಡಿಯಿಂದ ಸ್ವಲ್ಪವೇ ಕೊಯ್ಯುವುದು. ಬಳಿಕ ಅದಕ್ಕಿಂತ ತುಸು ಆಚೆಗೆ ಮೇಲಿನಿಂದ ಪೂರ್ತಿ ಕೊಯ್ಯುವುದು. ಆಗ ಕೊಂಬೆಯ ಭಾರಕ್ಕೆ ಕಾಂಡದ ತೊಗಟೆಯು ಉದ್ದಕ್ಕೂ ಸುಲಿದು ಬರುವುದಿಲ್ಲ. ಉಳಿದ ಮೊಂಡನ್ನು ಬಳೆಯ ಹೊರಗೆ ಕೊನೆಯದಾಗಿ ತೆಗೆಯುವುದು. ಒಂದು ವರ್ಷದಲ್ಲಿ ಹಸುರಿನ ಕಾಲುಭಾಗಕ್ಕಿಂತ ಹೆಚ್ಚನ್ನು ಕಳೆಯಬಾರದು. ಮುದಿಮರಕ್ಕೆ ಅಷ್ಟೂ ಹೆಚ್ಚೇ. ಎಲೆಗಳೇ ಮರದ ಅಡುಗೆಮನೆಯಲ್ಲವೆ? ಗಾಯಕ್ಕೆ ಡಾಂಬರು, ಬಣ್ಣ ಬಳಿಯುವ ರೂಢಿಯು ಇನ್ನೂ ಉಂಟು. ಅದರಿಂದ ಕೊಳೆತವು ನಿಲ್ಲುವುದಿಲ್ಲ. ಹಿಂದೆ ಪೊಟರೆಗಳಿಗೆ ಸಿಮೆಂಟು ತುಂಬುವುದೂ ಇದ್ದಿತು. ಗಾಳಿಗೆ ಮರವು ತೂಗುವುದು, ಸಿಮೆಂಟು ತೂಗದು. ಒಳಗೆ ಉಜ್ಜಿ ಉಜ್ಜಿ, ಮರವು ಕಟ್ಟಿಕೊಂಡ ಗೋಡೆಯನ್ನೇ ಅದು ಒಡೆಯುವುದು. ಪೊಟರೆಯಿರುವ ಮರವೆಲ್ಲ ಬೀಳುವ ಮರವೆಂದೂ ಭಾವಿಸಬೇಡಿರಿ. ಬಿದಿರು ಟೊಳ್ಳಾಗಿಯೇ ಗಟ್ಟಿಯಾಗಿಲ್ಲವೆ? ಸುತ್ತ ಉಳಿದಿರುವ ಗಟ್ಟಿ ಕಟ್ಟಿಗೆಯ ದಪ್ಪವೆಷ್ಟು ಎಂಬುದೇ ಮುಖ್ಯ. ಸುತ್ತಿಗೆಯ ಸದ್ದನ್ನು ಕೇಳುವುದು ಇದನ್ನು ಊಹಿಸುವುದಕ್ಕೆ.

ಇಷ್ಟು ಕೊಂಬೆಯ ಮಾತಾಯಿತು. ನಗರದಲ್ಲಿ ಇದಕ್ಕೂ ದೊಡ್ಡ ಅಪಾಯವು ಕಣ್ಣಿಗೆ ಕಾಣದ ಬೇರುಗಳಿಗೆ ಒದಗಿದೆ. ಮರದ ಬೇರು ಪಾತಾಳಕ್ಕಿಳಿಯುವುದೆಂದು ನಾವೆಲ್ಲ ಚಿಕ್ಕಂದಿನಲ್ಲಿ ನಂಬಿದ್ದೆವು. ವಾಸ್ತವವಾಗಿ ನೀರನ್ನು ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲಿಯೇ, ಕೊಂಬೆಗಳ ನೆರಳನ್ನು ಮೀರಿ ದೂರದವರೆಗೆ ಹರಡಿರುತ್ತವೆ. ನೀರಿನ ಕೊಳವೆಗೆಂದೋ ವಿದ್ಯುತ್ ತಂತಿಗೆಂದೋ ಮರದ ಪಕ್ಕದಲ್ಲಿ ಕಾಲುವೆ ತೋಡಿದಾಗ ಒಂದು ಮಗ್ಗುಲಿನ ಬೇರುಗಳೆಲ್ಲ ಕಡಿದುಹೋಗುವುವು. ಮೇಲೆ ಹಸುರು ಹಾಗೆಯೇ ಇರುವುದರಿಂದ ಯಾರಿಗೂ ತಿಳಿಯುವುದಿಲ್ಲ. ಮುಂದೊಂದು ಮಳೆಗಾಲದಲ್ಲಿ, ನೆಲ ನೆನೆದು ಮೆತ್ತಗಾದಾಗ, ಮರವು ಆ ಮಗ್ಗುಲಿಗೆ ಹಿಡಿತವಿಲ್ಲದೆ ಬುಡಮೇಲಾಗುವುದು. ಬುಡಕ್ಕೆ ಒತ್ತಿ ಹಾಸಿದ ಕಾಂಕ್ರೀಟೂ ಹೆಂಚುಗಳೂ ಗಾಳಿ ನೀರುಗಳನ್ನು ತಡೆಯುವುವು. ದೆಹಲಿಯಲ್ಲಿ ಮರಗಳ ಸುತ್ತ ಒಂದು ಮೀಟರಿನವರೆಗೆ ಹಾಸಿದ ಕಾಂಕ್ರೀಟನ್ನು ತೆಗೆಸಬೇಕೆಂದು ರಾಷ್ಟ್ರೀಯ ಹಸುರು ನ್ಯಾಯಪೀಠವು 2013ರಲ್ಲಿ ಆಜ್ಞೆ ಮಾಡಿತು.

ನಮ್ಮ ಊರುಗಳಲ್ಲಿ ಅರಳಿಯ ಮರಕ್ಕೆ ಕಟ್ಟೆ ಕಟ್ಟಿ ಮಣ್ಣು ತುಂಬುವುದಿಲ್ಲವೇ ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾದುದೇ. ಅರಳಿ, ಆಲಗಳು ಕಾಂಡದಿಂದಲೂ ಹೊಸ ಬೇರುಗಳನ್ನು ಬಿಡಬಲ್ಲವು, ಆದುದರಿಂದ ಸಹಿಸಿಕೊಳ್ಳುವುವು. ಅದನ್ನು ನೋಡಿ ಮಾವಿನ ಬುಡಕ್ಕೋ ಗುಲ್‌ಮೊಹರಿನ ಬುಡಕ್ಕೋ ಮೊಣಕಾಲೆತ್ತರ ಮಣ್ಣು ಪೇರಿಸಿದರೆ ತೊಗಟೆಯು ಕೊಳೆಯುವುದು.

ಅರಳಿಯ ಮಾತು ಬಂದುದರಿಂದ ಹಳೆಯ ಮನೆಗಳಿಗೇ ವಿಶೇಷವಾದ ಒಂದು ತೊಂದರೆಯನ್ನೂ ಹೇಳಿಬಿಡುವೆವು. ಹಕ್ಕಿಗಳು ಅರಳಿಯ ಹಣ್ಣು ತಿಂದು ಗೋಡೆಯ ಮೇಲೆ ಹಿಕ್ಕೆ ಹಾಕುತ್ತವೆ. ಸುಣ್ಣದ ಗಾರೆಯ ಸಂದಿನಲ್ಲಿ ಬೀಜ ಮೊಳೆಯುತ್ತದೆ. ಎರಡೆಲೆಯ ಮೊಳಕೆಯಾಗಿದ್ದಾಗ ಬೆರಳುಗಳಿಂದ ಕಿತ್ತರೆ ಕೆಲಸ ಮುಗಿಯಿತು. ಬಲಿತ ಮೇಲೆ ಮೇಲಷ್ಟೇ ಕಡಿದರೆ ಮತ್ತೆ ಚಿಗುರುವುದು. ಬಲವಾಗಿ ಎಳೆದರೆ ಬೇರಿನೊಡನೆ ಕಲ್ಲೂ ಬರುವುದು. ಬಲ್ಲವರು ಗೋಡೆಯ ಸಂದನ್ನು ಬಿಡಿಸಿ, ಬೇರನ್ನು ತುಂಡು ತುಂಡಾಗಿ ತೆಗೆದು, ಮತ್ತೆ ಸುಣ್ಣದ ಗಾರೆಯಿಂದಲೇ ಸಂದನ್ನು ಮುಚ್ಚುವರು. ಸಿಮೆಂಟು ಹಳೆಯ ಇಟ್ಟಿಗೆಗಿಂತ ಗಡುಸು. ತೇವವನ್ನು ಒಳಗೇ ಹಿಡಿದಿಟ್ಟು ಇಟ್ಟಿಗೆಯನ್ನು ಕೆಡಿಸುವುದು.

ಮರಕ್ಕೆ ಮೊಳೆ ಹೊಡೆಯುವುದನ್ನು, ದೀಪಗಳ ತಂತಿ ಸುತ್ತುವುದನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ನಮ್ಮ ಬೀದಿಯ ಮರಗಳಲ್ಲಿ ಮೊಳೆ ಹೊಡೆದು ತೂಗಿಸಿದ ಫಲಕಗಳಲ್ಲಿ ಅರ್ಧದಷ್ಟು ಖಾಸಗಿ ಪಾಠದ ತರಗತಿಗಳವು ಎಂಬುದು ಅಧ್ಯಾಪಕರಾದ ನಮಗೆ ನಾಚಿಕೆಯ ವಿಷಯ.

ಮನೆಯ ಅಂಗಳದ ಮರವು ನಮ್ಮದೇ ಆದರೂ ಅದನ್ನು ಮನಬಂದಂತೆ ಕಡಿಯುವ ಅಧಿಕಾರವು ನಮಗಿಲ್ಲ. ಮಹಾರಾಷ್ಟ್ರದಲ್ಲಿ ನಗರಪ್ರದೇಶಗಳ ಮರಗಳ ರಕ್ಷಣೆಗಾಗಿ 1975ರಲ್ಲಿಯೇ ಕಾಯಿದೆಯಾಗಿದೆ. ಮರುವರ್ಷ ಕರ್ನಾಟಕದಲ್ಲಿಯೂ ಇಂತಹುದೇ ಕಾಯಿದೆ ಬಂದಿತು. ಇಲ್ಲಿ ವೃಕ್ಷ ಪ್ರಾಧಿಕಾರದ ಅನುಮತಿಯಿಲ್ಲದೆ ಮರವನ್ನು ಕಡಿಯುವುದು ಅಪರಾಧ. ಕೊಂಬೆಗಳನ್ನು ಸವರುವುದಕ್ಕೂ ವಾರ್ಡಿನ ಉದ್ಯಾನ ವಿಭಾಗಕ್ಕೆ ಮೊದಲು ಅರ್ಜಿ ಕೊಡತಕ್ಕುದು. ಮಳೆಗಾಲಕ್ಕೆ ಮುನ್ನವೇ ಕೆಲಸ ಮುಗಿಯಬೇಕಾದುದರಿಂದ ಅರ್ಜಿಯು ಬೇಸಗೆಯ ಮೊದಲಿಗೇ ಹೋಗುವುದು ಮೇಲು. ಮೊದಲ ಸಲ ನಮ್ಮ ವಠಾರದವರು ಈ ಗೋಜಿಗೇ ಹೋಗಿರಲಿಲ್ಲ.

ಎರಡನೆಯ ಸಲ ಅನುಮತಿ ಪಡೆದು, ವೃಕ್ಷವೈದ್ಯರಿಂದ ಕೆಲಸ ಮಾಡಿಸಿದೆವು. ಟೊಳ್ಳಾದ ಮೊಂಡುಗಳನ್ನು ಬಳೆಯವರೆಗೆ ತೆಗೆದರು. ಪೊದೆಯಾಗಿ ಬೆಳೆದ ಚಿಗುರುಗಳಲ್ಲಿ ಗಟ್ಟಿಯಾದವನ್ನು ಉಳಿಸಿ ಮಿಕ್ಕವನ್ನು ಸವರಿದರು. ಅಡುಗೆಮನೆಯ ಮೇಲಿನ ಭಾರವನ್ನು ಇಳಿಸಿದರು. ಈ ಕೆಲಸವನ್ನು ಮೂರು ವರ್ಷಗಳಿಗೆ ಹಂಚಿದರು. ಬುಡದ ಸುತ್ತಲಿನ ಹೆಂಚುಗಳನ್ನು ನಾವೇ ಕಿತ್ತು, ಉದುರಿದ ಎಲೆಗಳನ್ನು ಅಲ್ಲಿ ಹಾಸಿದೆವು. ಮೋರಿಯ ದೂರೂ ಅದರಿಂದ ಕಡಮೆಯಾಯಿತು. ಕಾಗೆಗಳ ದೂರು ಹಾಗೆಯೇ ಇದೆ.

ಕೆಳಗಿನ ಕೊಂಬೆಯೊಂದನ್ನು ಕೊಯ್ದ ಗುರುತು ಮೊದಲನೆಯ ಅಂತಸ್ತಿನ ಮೆಟ್ಟಿಲಿನಿಂದ ಕೈಗೆಟಕುವಂತಿದೆ. ಗಾಯವು ಮೊದಲು ಊಟದ ತಟ್ಟೆಯಷ್ಟು ಅಗಲವಿದ್ದಿತು. ಸುತ್ತಲಿಂದ ಹೊಸ ತೊಗಟೆಯು ದುಂಡಗೆ ಉರುಳಿಕೊಂಡು ಒಳಸರಿಯುತ್ತಿದೆ. ಅಜ್ಜಿಯವರ ಮೊಮ್ಮಗಳು ಪ್ರತಿ ಮೇ ತಿಂಗಳಲ್ಲಿ ದಾರ ಹಿಡಿದು ಅದನ್ನು ಅಳೆದು ಗೋಡೆಯ ಮೇಲೆ ಸೀಸದಕಡ್ಡಿಯಿಂದ ಗೆರೆ ಎಳೆಯುತ್ತಾಳೆ. ಈ ವರ್ಷ ನಡುವೆ ಉಳಿದ ಬಾಯಿ ನಾಲ್ಕು ಬೆರಳು.