ತಾಯಿಯ ಬಾಯಿಂದ ಬಂದ ಪಾಠ

ಓದತಕ್ಕ ವೇದಭಾಗಗಳು: ಧರ್ಮೋಪದೇಶಕಾಂಡ 6:4-9, ಅಪೊಸ್ತಲರ ಕೃತ್ಯಗಳು 16:1-3, 2 ತಿಮೊಥೆಯನಿಗೆ 1:3-5 ಮತ್ತು 3:14-17.



ಒಂದು ವಾರಕ್ಕೆ 168 ತಾಸುಗಳುಂಟು. ಅವುಗಳಲ್ಲಿ ನಮ್ಮ ಮಕ್ಕಳು ಆದಿತ್ಯವಾರದ ಶಾಲೆಯಲ್ಲಿ ಕುಳಿತು ದೇವರ ವಾಕ್ಯವನ್ನು ಕಲಿಯುವದು ಒಂದು ತಾಸು; ಆರಾಧನೆಯ ಹೊತ್ತನ್ನು ಕೂಡಿಸಿದರೂ ಮೂರು ತಾಸುಗಳನ್ನು ಮೀರುವದು ಅಪರೂಪ. ಮಿಕ್ಕ ಹೊತ್ತೆಲ್ಲಾ ಅವರು ಮನೆಯಲ್ಲಿಯೂ ಬೀದಿಯಲ್ಲಿಯೂ ಹೊಲದಲ್ಲಿಯೂ ಊರ ಶಾಲೆಯಲ್ಲಿಯೂ ಇರುತ್ತಾರೆ. ಆದಕಾರಣ ಸಭಾಪಾಲಕರು ಎಷ್ಟು ಚೆನ್ನಾಗಿ ಬೋಧಿಸಿದರೂ, ಉಪದೇಶಿಯು ಎಷ್ಟು ಶ್ರಮಪಟ್ಟರೂ, ಮನೆಯಲ್ಲಿ ವಾಕ್ಯವು ಕೇಳಿಬಾರದೆ ಹೋದರೆ ಬಿತ್ತಿದ ಬೀಜವು ನೀರು ಕಾಣದೆ ಒಣಗುವದು. ಅಜ್ಜನು ಮನಃಪೂರ್ವಕವಾಗಿ ದೀಕ್ಷಾಸ್ನಾನ ಹೊಂದಿದನು, ತಂದೆಯು ಹೆಸರಿಗೆ ಕ್ರೈಸ್ತನಾದನು, ಮೊಮ್ಮಗನು ಏನನ್ನೂ ಅರಿಯದವನಾದನು ಎಂಬಂಥ ಮನೆಗಳು ಎಲ್ಲಾ ಸೀಮೆಗಳಲ್ಲಿಯೂ ಉಂಟು. ನಂಬಿಕೆಯು ಒಂದು ತಲೆಮಾರಿನಲ್ಲಿ ಆರಿಹೋಗುವದಕ್ಕೆ ಹಿಂಸೆಯೇ ಬೇಕೆಂಬದಿಲ್ಲ. ಮನೆಯವರು ಸುಮ್ಮನಿದ್ದರೆ ಸಾಕು.

ಆದುದರಿಂದ ಈ ಪಾಠದಲ್ಲಿ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಮನೆಯಲ್ಲಿ ಮಕ್ಕಳಿಗೆ ಕಲಿಸತಕ್ಕವರು ಯಾರು? ಆ ಕಲಿಸತಕ್ಕ ತಾಯಿಗೆ ಕಲಿಸಿದವರು ಯಾರು? ಮೊದಲನೆಯ ಪ್ರಶ್ನೆಯನ್ನು ನಾವು ಆಗಾಗ ಕೇಳುತ್ತೇವೆ, ಎರಡನೆಯದನ್ನು ಮರೆಯುತ್ತೇವೆ.

1. ಲುಸ್ತ್ರ ಪಟ್ಟಣದ ಮನೆ

ತಿಮೊಥೆಯನ ತಾಯಿ ಯೆಹೂದ್ಯಳು, ತಂದೆಯು ಗ್ರೀಕನು. ತಂದೆಯು ವೇದವನ್ನು ಬೋಧಿಸಿದನೆಂದು ಎಲ್ಲಿಯೂ ಬರೆದಿಲ್ಲ. ಆದಾಗ್ಯೂ ಈ ಹುಡುಗನು ಶಿಶುವಾಗಿದ್ದಾಗಿನಿಂದಲೇ ಪರಿಶುದ್ಧ ಗ್ರಂಥಗಳನ್ನು ಬಲ್ಲವನಾಗಿದ್ದನೆಂದು ಅಪೊಸ್ತಲ ಪೌಲನು ಜ್ಞಾಪಕಪಡಿಸುತ್ತಾನೆ. ಕಲಿಸಿದವರು ಯಾರೆಂಬದಕ್ಕೆ ಅದೇ ಪತ್ರಿಕೆಯ ಮೊದಲನೆಯ ಅಧ್ಯಾಯವು ಉತ್ತರ ಕೊಡುತ್ತದೆ. ಅಲ್ಲಿ ಪೌಲನು ಹೇಳುವ ಕ್ರಮವನ್ನು ಗಮನಿಸಿರಿ: ನಂಬಿಕೆಯು ಮೊದಲು ಅಜ್ಜಿಯಾದ ಲೋವಿಯಲ್ಲಿತ್ತು, ಅನಂತರ ತಾಯಿಯಾದ ಯೂನಿಕೆಯಲ್ಲಿತ್ತು, ಆಮೇಲೆ ಮಗನಲ್ಲಿ ಬಂತು. ಯೂನಿಕೆಯು ಮಗನಿಗೆ ಕೊಟ್ಟದ್ದು ಆಕೆಗಿಂತ ಮುಂಚೆ ಆಕೆಯ ತಾಯಿಯಲ್ಲಿಯೇ ನೆಲಸಿದ್ದ ನಂಬಿಕೆ.

ಧರ್ಮೋಪದೇಶಕಾಂಡವು ಈ ಮನೆಪಾಠಕ್ಕೆ ನಾಲ್ಕು ಸಮಯಗಳನ್ನು ನೇಮಿಸುತ್ತದೆ: ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ಇವುಗಳಲ್ಲಿ ಒಂದಕ್ಕಾದರೂ ಕಟ್ಟಡವಾಗಲಿ ಬೆಂಚಾಗಲಿ ಸಂಬಳವಾಗಲಿ ಬೇಕಾಗಿಲ್ಲ.

2. ಗಂಗಾಮೂಲದ ಮಗಳು

ಸಿರುಗುಪ್ಪದ ಭತ್ತದ ಗದ್ದೆಗಳಿಗೆ ಜೀವಕೊಡುವ ತುಂಗಭದ್ರೆಯ ನೀರನ್ನು ನಮ್ಮವರು ದಿನಾಲೂ ಕಾಣುತ್ತಾರೆ. ಆ ನದಿಯ ಎರಡು ಕವಲುಗಳಾದ ತುಂಗೆಯೂ ಭದ್ರೆಯೂ ಹುಟ್ಟುವದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಆ ಗಂಗಾಮೂಲದ ಕಾಡಿನಲ್ಲಿ 1858ನೆಯ ಇಸವಿ ಏಪ್ರಿಲ್ 23ರಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ಆಕೆಯೇ ಮುಂದೆ ಪಂಡಿತಾ ರಮಾಬಾಯಿಯೆಂದು ಲೋಕವೆಲ್ಲಾ ಅರಿತ ಕ್ರೈಸ್ತ ಸ್ತ್ರೀ.

ಆಕೆಯ ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆಯವರು ಸಂಸ್ಕೃತ ವಿದ್ವಾಂಸರು. ಸ್ತ್ರೀಯರಿಗೆ ಸಂಸ್ಕೃತ ಕಲಿಸುವದು ಅಧರ್ಮವೆಂದು ಜನರು ಎಣಿಸುತ್ತಿದ್ದ ಆ ಕಾಲದಲ್ಲಿ ಅವರು ತಮ್ಮ ಪತ್ನಿಯಾದ ಲಕ್ಷ್ಮೀಬಾಯಿಯವರಿಗೆ ಕಲಿಸಿದರು. ಅದಕ್ಕಾಗಿ ಸ್ವಜಾತಿಯವರ ವಿರೋಧವನ್ನು ಸಹಿಸಿ, ತಾವು ಮಾಡಿದ್ದು ತಪ್ಪಲ್ಲವೆಂದು ಶಾಸ್ತ್ರಗಳಿಂದಲೇ ವಾದಿಸಿದರು. ರಮಾಬಾಯಿಯು ಆರು ತಿಂಗಳ ಕೂಸಾಗಿದ್ದಾಗ ಕುಟುಂಬವು ಕಾಡನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಆಳೊಬ್ಬನ ತಲೆಯ ಮೇಲೆ ಹೊರಿಸಿ ಘಟ್ಟವನ್ನಿಳಿದರು. ಅಂದಿನಿಂದ ಆ ಕುಟುಂಬಕ್ಕೆ ನೆಲೆಯಾದ ಮನೆಯಿಲ್ಲ. ದೇವಾಲಯಗಳಲ್ಲಿಯೂ ನದೀತೀರಗಳಲ್ಲಿಯೂ ಪುರಾಣಗಳನ್ನು ಓದಿ, ಕೇಳುವವರು ಕೊಟ್ಟದ್ದರಿಂದ ಜೀವಿಸುತ್ತಿದ್ದರು.

ಮಗಳು ಕಲಿಯುವ ವಯಸ್ಸಿಗೆ ಬಂದಾಗ ತಂದೆಯು ಮುದುಕರಾಗಿದ್ದರು. ಆದಕಾರಣ ತಾಯಿಯೇ ಉಪಾಧ್ಯಾಯಿನಿಯಾದರು. ಎಂಟನೆಯ ವರುಷದಿಂದ ಸುಮಾರು ಹದಿನೈದನೆಯ ವರುಷದ ತನಕ ರಮಾಬಾಯಿಗೆ ಬೇರೆ ಶಾಲೆಯಿರಲಿಲ್ಲ. ಹಗಲೆಲ್ಲಾ ಮನೆಗೆಲಸವಿದ್ದದರಿಂದ ತಾಯಿಯು ಬೆಳಗಾಗುವ ಮುಂಚೆ ಎದ್ದು, ನಿದ್ದೆಗಣ್ಣಿನ ಮಗಳನ್ನು ಮುದ್ದಿನ ಮಾತುಗಳಿಂದ ಎಬ್ಬಿಸಿ, ಹಕ್ಕಿಗಳು ಕೂಗುವ ಹೊತ್ತಿನಲ್ಲಿ ಪಾಠವನ್ನು ಹೇಳಿಕೊಡುವರು. ಕೈಯಲ್ಲಿ ಪುಸ್ತಕವಿಲ್ಲ, ತಾಯಿಯ ಬಾಯೇ ಪುಸ್ತಕ. ಹೀಗೆ ಸಾವಿರಾರು ಶ್ಲೋಕಗಳು ಬಾಲಕಿಗೆ ಕಂಠಪಾಠವಾದವು. ಮುಂದೆ ಯಾರ ಸಹಾಯವೂ ಇಲ್ಲದೆ ತಾನೇ ಕಲಿತುಕೊಳ್ಳುವ ಶಕ್ತಿಯನ್ನೂ ತಾಯಿಯು ಆಕೆಯಲ್ಲಿ ಬೆಳೆಸಿದರು.

1874ರ ಸುಮಾರಿನ ಕ್ಷಾಮದಲ್ಲಿ ತಂದೆಯು ತೀರಿಕೊಂಡರು; ಹೆಚ್ಚು ಕಾಲ ಕಳೆಯದೆ ತಾಯಿಯೂ ಅಕ್ಕನೂ ತೀರಿಕೊಂಡರು. ಉಳಿದದ್ದು ರಮಾಬಾಯಿಯೂ ಅಣ್ಣನಾದ ಶ್ರೀನಿವಾಸನೂ. ಇಬ್ಬರೂ ಹಸಿದುಕೊಂಡು ನಡೆಯುತ್ತಾ 1878ರಲ್ಲಿ ಕಲ್ಕತ್ತೆಯನ್ನು ಮುಟ್ಟಿದರು. ಅಲ್ಲಿಯ ವಿದ್ವಾಂಸರು ಆ ಯುವತಿಯ ಪಾಂಡಿತ್ಯವನ್ನು ಪರೀಕ್ಷಿಸಿ "ಪಂಡಿತಾ" ಎಂಬ ಬಿರುದನ್ನು ಕೊಟ್ಟರು.

ಇಲ್ಲಿ ಕೆಲವರು ಆಕ್ಷೇಪಿಸಬಹುದು: ಆ ತಾಯಿಯು ಕ್ರಿಸ್ತನ ಹೆಸರನ್ನು ಅರಿತವರಲ್ಲ, ಕಲಿಸಿದ್ದು ಪುರಾಣಗಳನ್ನು, ಆಕೆಯಿಂದ ನಮಗೇನು ಪಾಠ? ಇದಕ್ಕೆ ರಮಾಬಾಯಿಯವರೇ ಉತ್ತರ ಕೊಟ್ಟಿದ್ದಾರೆ. ಕ್ರೈಸ್ತರಾಗಿ ನಾಲ್ಕು ವರುಷಗಳಾದ ಮೇಲೆ, 1887ರಲ್ಲಿ, ಉಚ್ಚಕುಲದ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಅಮೆರಿಕದಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥವನ್ನು ಅವರು ಅರ್ಪಿಸಿದ್ದು ತಮ್ಮ ತಾಯಿಯ ನೆನಪಿಗೆ. ತಾಯಿಯ ಮತವನ್ನು ಬಿಟ್ಟರು. ತಾಯಿಗೆ ಸಲ್ಲತಕ್ಕ ಗೌರವವನ್ನು ಬಿಡಲಿಲ್ಲ. ಪುಸ್ತಕವಿಲ್ಲದೆ, ಸ್ಥಿರವಾದ ಮನೆಯಿಲ್ಲದೆ, ಹೊಟ್ಟೆಗೆ ಸಾಲದೆ ಇದ್ದ ತಾಯಿಯೊಬ್ಬರು ಇಷ್ಟು ಮಾಡಿದ್ದರೆ, ಜೀವವಾಕ್ಯವು ಮನೆಯ ಗೂಡಿನಲ್ಲಿಯೇ ಇರುವ ನಾವು ಯಾವ ನೆವವನ್ನು ಹೇಳೋಣ?

3. ಕ್ರೈಸ್ತ ತಾಯಿಯಾದ ರಮಾಬಾಯಿ

1880ರಲ್ಲಿ ರಮಾಬಾಯಿಯವರು ಬಂಗಾಳದ ವಕೀಲರಾದ ವಿಪಿನಬಿಹಾರಿ ಮೇಧಾವಿಯವರನ್ನು ಮದುವೆಯಾದರು. ಅವರ ಮನೆಯಲ್ಲಿಯೇ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯು ಅವರ ಕೈಗೆ ಸಿಕ್ಕಿತು. 1881ರ ಏಪ್ರಿಲಿನಲ್ಲಿ ಮನೋರಮೆಯೆಂಬ ಮಗಳು ಹುಟ್ಟಿದಳು. ಮಗುವಿಗೆ ವರುಷ ತುಂಬುವದರೊಳಗೆ, 1882ರ ಫೆಬ್ರವರಿಯಲ್ಲಿ, ಪತಿಯು ವಾಂತಿಭೇದಿಯಿಂದ ತೀರಿಕೊಂಡರು. ಇಪ್ಪತ್ತಮೂರು ವರುಷದ ವಿಧವೆಯೂ ಕೈಗೂಸೂ ಉಳಿದರು.

1883ರಲ್ಲಿ ಅವರು ಇಂಗ್ಲೆಂಡಿಗೆ ಹೋಗಿ, ಅದೇ ವರುಷದ ಸೆಪ್ಟೆಂಬರ್ 29ರಲ್ಲಿ ವಾಂಟೇಜ್ ಎಂಬ ಊರಿನಲ್ಲಿ ಮಗಳೊಂದಿಗೆ ದೀಕ್ಷಾಸ್ನಾನ ಹೊಂದಿದರು. ಮಗಳಿಗೆ ಯಾವ ರೀತಿಯಲ್ಲಿ ಧರ್ಮಬೋಧನೆಯಾಗಬೇಕೆಂಬದನ್ನು ಕುರಿತು ಅಲ್ಲಿಯ ಸನ್ಯಾಸಿನಿಯರಿಗೂ ಅವರಿಗೂ ಪತ್ರಗಳ ಮೂಲಕ ಬಹಳ ಚರ್ಚೆಯಾಯಿತು. ತಮಗೆ ಉಪಕಾರ ಮಾಡಿದವರೆಂದು ಅವರನ್ನು ಗೌರವಿಸಿದರೂ, ಮಗಳ ಆತ್ಮದ ವಿಷಯದಲ್ಲಿ ತಾಯಿಯ ಹೊಣೆಯನ್ನು ಮತ್ತೊಬ್ಬರಿಗೆ ಒಪ್ಪಿಸಿ ಕೈತೊಳೆದುಕೊಳ್ಳಲು ರಮಾಬಾಯಿಯವರು ಒಪ್ಪಲಿಲ್ಲ.

1889ರ ಮಾರ್ಚಿಯಲ್ಲಿ ಅವರು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ದೀಕ್ಷಾಸ್ನಾನವಾಗಿ ಸುಮಾರು ಎಂಟು ವರುಷಗಳಾದ ಮೇಲೆಯೇ, ತಮಗೆ ದೊರೆತದ್ದು ಕ್ರೈಸ್ತ ಮತವೆಂಬದು ಮಾತ್ರ, ಕ್ರಿಸ್ತನನ್ನೇ ಸ್ವಂತ ರಕ್ಷಕನನ್ನಾಗಿ ಹೊಂದಬೇಕು ಎಂದು ಕಂಡುಕೊಂಡರೆಂಬದಾಗಿ ತಮ್ಮ ಸಾಕ್ಷಿಯಲ್ಲಿ ಹೇಳಿದ್ದಾರೆ. 1896ರಲ್ಲಿ ಮಧ್ಯಪ್ರಾಂತ್ಯದಲ್ಲಿ ಕ್ಷಾಮ ಬಿದ್ದಾಗ, ಹಸಿವೆಯೆಂದರೆ ಏನೆಂದು ತಾವೇ ಅನುಭವಿಸಿದ್ದ ಅವರು ಅಲ್ಲಿಗೆ ಹೋಗಿ ನೂರಾರು ಅನಾಥ ಬಾಲಕಿಯರನ್ನು ಕರೆತಂದರು. ಪುಣೆಯ ಸಮೀಪದ ಕೇಡಗಾಂವದಲ್ಲಿ ಬೆಳೆದ ಮುಕ್ತಿ ಸದನದಲ್ಲಿ 1900ರ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಮಂದಿ ಇದ್ದರು. ಒಬ್ಬ ಮಗಳ ತಾಯಿಯು ಸಾವಿರ ಮಕ್ಕಳ ತಾಯಿಯಾದರು.

ಬಾಲ್ಯದಲ್ಲಿ ಭಾಷೆಯನ್ನು ಕಿವಿಯಿಂದ ಕಲಿತವರು ಮುದಿಪ್ರಾಯದಲ್ಲಿ ಇಬ್ರಿಯ ಮತ್ತು ಗ್ರೀಕ್ ಭಾಷೆಗಳಿಂದ ಸತ್ಯವೇದವನ್ನು ಸರಳವಾದ ಮರಾಠಿಗೆ ತಿರುಗಿಸಿದರು. ಪಂಡಿತರಿಗಾಗಿ ಅಲ್ಲ, ಹಳ್ಳಿಯ ಸಾಮಾನ್ಯ ಸ್ತ್ರೀಗೆ ತಿಳಿಯಬೇಕೆಂಬದೇ ಅವರ ಉದ್ದೇಶ. ಅಚ್ಚಿನ ಕೆಲಸವನ್ನು ಮುಕ್ತಿಯ ಹೆಣ್ಣುಮಕ್ಕಳೇ ಮಾಡಿದರು. ಮನೋರಮಾಬಾಯಿಯವರು ಬೆಳೆದು ತಾಯಿಯ ಕೆಲಸದಲ್ಲಿ ಬಲಗೈಯಾದರು. ನಮ್ಮ ಸೀಮೆಗೆ ಉತ್ತರದಲ್ಲಿರುವ ಕಲಬುರಗಿಯಲ್ಲಿಯೂ ಹೆಣ್ಣುಮಕ್ಕಳಿಗಾಗಿ ಶಾಲೆಯ ಕೆಲಸವನ್ನು ನಡಿಸಿದರು. 1921ರಲ್ಲಿ ಮಗಳು ಮುಂದಾಗಿ ಕರ್ತನ ಬಳಿಗೆ ಹೋದರು. ಆ ದುಃಖವನ್ನು ತಾಳಿಕೊಂಡು ಭಾಷಾಂತರವನ್ನು ಮುಗಿಸಿದ ರಮಾಬಾಯಿಯವರು 1922ರ ಏಪ್ರಿಲ್ 5ರಲ್ಲಿ ನಿದ್ರೆಹೋದರು.

ಈಗ ಸಾಲನ್ನು ಒಟ್ಟಿಗೆ ನೋಡಿರಿ. ಗಂಡನು ಹೆಂಡತಿಗೆ ಕಲಿಸಿದನು. ಆ ತಾಯಿಯು ಮಗಳಿಗೆ ಕಲಿಸಿದಳು. ಆ ಮಗಳು ಸಾವಿರ ಮಂದಿಗೆ ಕಲಿಸಿದಳು. ಮೊದಲನೆಯ ಕೊಂಡಿಯು ತಪ್ಪಿದ್ದರೆ ಮಿಕ್ಕದ್ದು ಯಾವದೂ ಆಗುತ್ತಿರಲಿಲ್ಲ.

4. ಬಳ್ಳಾರಿ ಸೀಮೆಯವರಾದ ನಮಗೆ

ಲಂಡನ್ ಮಿಶನಿನ ಜಾನ್ ಹ್ಯಾಂಡ್ಸ್ ಅಯ್ಯನವರು 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡವನ್ನು ಕಲಿತು, ಶಾಲೆಗಳನ್ನು ತೆರೆದು, ಸತ್ಯವೇದದ ಭಾಷಾಂತರಕ್ಕೆ ಕೈಹಾಕಿದರು. ಅವರ ಜೊತೆಗಾರರಾದ ವಿಲಿಯಂ ರೀವ್ ಅಯ್ಯನವರು ಕನ್ನಡ ನಿಘಂಟನ್ನು ಸಿದ್ಧಪಡಿಸಿದರು. 1831ರ ಹೊತ್ತಿಗೆ ಸಂಪೂರ್ಣ ಸತ್ಯವೇದವು ಕನ್ನಡದಲ್ಲಿ ಅಚ್ಚಾಗಿ ಬಂತು. ಅಂದರೆ, ರಮಾಬಾಯಿಯವರು ಹುಟ್ಟುವದಕ್ಕಿಂತ ಇಪ್ಪತ್ತೇಳು ವರುಷ ಮುಂಚೆಯೇ ನಮ್ಮ ಅಡಿಗೆಮನೆಯ ಭಾಷೆಯಲ್ಲಿ ದೇವರ ವಾಕ್ಯವು ದೊರಕಿತ್ತು. ಆ ಕೆಲಸವು ನಡೆದದ್ದು ದೂರದೇಶದಲ್ಲಿ ಅಲ್ಲ, ನಮ್ಮ ಬಳ್ಳಾರಿಯಲ್ಲಿಯೇ. ಆ ಪುಸ್ತಕವು ಗೂಡಿನಲ್ಲಿದ್ದು ತಾಯಿಗೆ ಅದನ್ನು ಓದಲು ಬಾರದಿದ್ದರೆ, ಭಾಷಾಂತರದ ಶ್ರಮವು ಮನೆಯ ಹೊಸ್ತಿಲಲ್ಲಿಯೇ ನಿಂತಂತಾಯಿತು.

ಸಿರುಗುಪ್ಪದ ಕಡೆ ನಾಟಿಯ ಕಾಲದಲ್ಲಿ ನಮ್ಮ ತಾಯಂದಿರು ಹೊತ್ತು ಮೂಡುವ ಮುಂಚೆ ಬುತ್ತಿ ಕಟ್ಟಿಕೊಂಡು ಗದ್ದೆಗೆ ಹೋಗುತ್ತಾರೆ. ಕುರುಗೋಡಿನ ಕಡೆ ಮೆಣಸಿನಕಾಯಿ, ಹತ್ತಿ ಬಿಡಿಸುವ ದಿನಗಳಲ್ಲಿ ಸಂಜೆಗೆ ಬೆನ್ನು ನೋಯುತ್ತಾ ಮನೆಗೆ ಬರುತ್ತಾರೆ. ಬಳ್ಳಾರಿ ಪಟ್ಟಣದ ತಾಯಂದಿರಿಗೂ ಕೂಲಿ, ಕಚೇರಿ, ಮನೆಗೆಲಸಗಳಿಂದ ಬಿಡುವಿಲ್ಲ. ಇಂಥವರನ್ನು ನೋಡಿ, "ನೀವು ಮಕ್ಕಳಿಗೆ ಕಲಿಸುವದಿಲ್ಲ" ಎಂದು ಗದರಿಸುವದು ಸುಲಭ; ಅದು ನ್ಯಾಯವಲ್ಲ. ಆಕೆಗೆ ಓದು ಕಲಿಸಿದವರು ಯಾರು? ಆಕೆಯ ಕೆಲಸದಲ್ಲಿ ಅರ್ಧ ತಾಸಿನ ಭಾರವನ್ನು ಹೊತ್ತುಕೊಂಡವರು ಯಾರು? ಅನಂತಶಾಸ್ತ್ರಿಗಳು ಜಾತಿಯವರ ನಿಂದೆಯನ್ನು ಹೊತ್ತು ಹೆಂಡತಿಗೆ ಕಲಿಸಿದರು. ನಮ್ಮ ಗಂಡಸರಿಗೆ ನಿಂದೆಯ ಭಯವಿಲ್ಲ. ನೀರು ತುಂಬಿಡುವದೂ ಕೂಸನ್ನು ಎತ್ತಿಕೊಳ್ಳುವದೂ ಮಾತ್ರ ಬೇಕಾಗಿದೆ.

ಓದುಬಾರದ ತಾಯಿಯೂ ಧೈರ್ಯಗೆಡಬಾರದು. ಲಕ್ಷ್ಮೀಬಾಯಿಯವರ ಪಾಠವೂ ಬಾಯಿಂದಲೇ ನಡೆಯಿತು. ಸಭೆಯಲ್ಲಿ ಕೇಳಿದ ಒಂದು ವಚನವನ್ನು ಬಾಯಿಪಾಠ ಮಾಡಿಕೊಂಡು ಹೋದರೆ, ರೊಟ್ಟಿ ತಟ್ಟುವಾಗ ಅದನ್ನು ಮಗುವಿನಿಂದ ಹೇಳಿಸಬಹುದು. ಶಾಲೆಗೆ ಹೋಗುವ ಮಗಳೇ ಓದಿ ಹೇಳಲಿ. ತಾಯಿಯು ಕೇಳಿ ಅರ್ಥವನ್ನು ತಿಳಿಸಲಿ. ಹೀಗೆ ಮಗಳು ತಾಯಿಗೂ ತಾಯಿಯು ಮಗಳಿಗೂ ಕಲಿಸಿದಂತಾಗುವದು.

ಮನೆಪಾಠವು ಶಾಲೆಗೆ ಬದಲೆಂದು ಯಾರೂ ತಿಳಿಯಬಾರದು. ರಮಾಬಾಯಿಯವರ ಬಾಲ್ಯದಲ್ಲಿ ಹೆಣ್ಣುಮಕ್ಕಳಿಗೆ ಶಾಲೆಯು ಅಪರೂಪವಾಗಿತ್ತು. ಈಗ 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ 6ರಿಂದ 14 ವರುಷದ ಪ್ರತಿಯೊಂದು ಮಗುವಿಗೂ ಉಚಿತವಾದ ಕಡ್ಡಾಯ ಶಿಕ್ಷಣ ಸಲ್ಲುತ್ತದೆ. ಮೆಣಸಿನಕಾಯಿ ಬಿಡಿಸುವ ಕಾಲವೆಂದು ಮಗಳನ್ನು ಶಾಲೆ ಬಿಡಿಸುವವನು ತನ್ನ ಮೊಮ್ಮಕ್ಕಳ ಉಪಾಧ್ಯಾಯಿನಿಯನ್ನೇ ಕಳಕೊಳ್ಳುತ್ತಾನೆ.

5. ಈ ತಿಂಗಳು ಮಾಡತಕ್ಕದ್ದು

ಒಂದು, ವಾರಕ್ಕೊಂದು ವಚನವನ್ನು ಮನೆಯವರೆಲ್ಲರೂ ಬಾಯಿಪಾಠ ಮಾಡಲಿ. ಎರಡು, ದಿನಕ್ಕೆ ಹದಿನೈದು ನಿಮಿಷ, ಬೆಳಿಗ್ಗೆಯಾಗಲಿ ರಾತ್ರಿ ಊಟಕ್ಕೆ ಮುಂಚೆಯಾಗಲಿ, ಮಕ್ಕಳ ಪಾಠಕ್ಕೆಂದು ನೇಮಿಸಿಕೊಳ್ಳಿರಿ. ಆ ಹೊತ್ತಿನ ಮನೆಗೆಲಸವನ್ನು ಗಂಡಸರು ಮಾಡಲಿ. ಮೂರು, ಪ್ರತಿಯೊಂದು ಸಭೆಯಲ್ಲಿಯೂ ಓದುಬಾರದ ತಾಯಂದಿರು ಎಷ್ಟು ಮಂದಿಯೆಂದು ಹಿರಿಯರು ತಿಳಿದುಕೊಂಡು, ಓದುಬಲ್ಲ ಒಬ್ಬ ಸಹೋದರಿಯನ್ನು ಅವರಿಗೆ ಜೊತೆಮಾಡಿಕೊಡಲಿ.

ಆಲೋಚನೆಗೆ ಪ್ರಶ್ನೆಗಳು

1. ಲೋವಿ, ಯೂನಿಕೆ, ತಿಮೊಥೆಯ ಎಂಬ ಕ್ರಮದಿಂದ ನಾವು ಏನು ಕಲಿಯುತ್ತೇವೆ?
2. ಧರ್ಮೋಪದೇಶಕಾಂಡವು ಹೇಳುವ ನಾಲ್ಕು ಸಮಯಗಳಲ್ಲಿ ನಿಮ್ಮ ಮನೆಗೆ ಯಾವದು ಅನುಕೂಲ?
3. ದೀಕ್ಷಾಸ್ನಾನವಾದ ಮೇಲೆಯೂ ರಮಾಬಾಯಿಯವರು ತಮಗೆ ಕಡಿಮೆಯೆಂದು ಕಂಡದ್ದು ಯಾವದು? ಅದು ನಮ್ಮಲ್ಲಿ ಉಂಟೋ?
4. ನಿಮ್ಮ ಬೀದಿಯಲ್ಲಿ ಓದು ಕಲಿಯಲು ಆಶೆಪಡುವ ತಾಯಿ ಯಾರು? ಆಕೆಗೆ ಕಲಿಸತಕ್ಕವರು ಯಾರು?

ಪ್ರಾರ್ಥನೆಯ ವಿಷಯ: ನಮಗೆ ಮೊದಲು ಪ್ರಾರ್ಥನೆಯನ್ನು ಕಲಿಸಿದ ತಾಯಂದಿರಿಗಾಗಿ ದೇವರಿಗೆ ಸ್ತೋತ್ರ ಸಲ್ಲಿಸೋಣ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಗಳ ಪ್ರತಿಯೊಂದು ಕ್ರೈಸ್ತ ಮನೆಯಲ್ಲಿ ಆತನ ವಾಕ್ಯವು ತಾಯಿಯ ಬಾಯಲ್ಲಿ ಇರುವಂತೆಯೂ, ಆ ತಾಯಿಯು ಒಂಟಿಯಾಗಿ ದುಡಿಯದಂತೆ ಮನೆಯವರೂ ಸಭೆಯವರೂ ಕೈಕೊಡುವಂತೆಯೂ ಬೇಡಿಕೊಳ್ಳೋಣ. ಆಮೆನ್.